ಕಡಲೆ, ಶೇಂಗಾ, ಸೋಯಾ, ಬಾಳೆಕಾಯಿ: ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ, ಇಲಾಖೆಯ ಪ್ರಧಾನ ಕಾರ್ಯದರ್ಶಿಗಳಿಗೆ ಮತ್ತು ನಿರ್ದೇಶಕರಿಗೆ,

ನಮಸ್ಕಾರಗಳು.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇವೆ. ಒಂದರಿಂದ ಒಂದೂವರೆ ವರ್ಷದ, ಸಾಧಾರಣ ಅಪೌಷ್ಟಿಕತೆಯ (ಮ್ಯಾಮ್) ಮಕ್ಕಳಿಗಾಗಿ ಢಾಕಾದಲ್ಲಿ ರೂಪುಗೊಂಡ ಕಡಲೆ, ಶೇಂಗಾ, ಸೋಯಾ, ಬಾಳೆಕಾಯಿಗಳ ಒಂದು ಆಹಾರವಿದೆ. ಅದನ್ನು ಕರ್ನಾಟಕದ ಒಂದೆರಡು ತಾಲ್ಲೂಕುಗಳಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ನೋಡಿ. ಫಲಿತಾಂಶ ಕೈಗೆ ಬರುವ ತನಕ ಅದನ್ನು ರಾಜ್ಯಕ್ಕೆಲ್ಲ ಹಂಚಬೇಡಿ. ಆ ಸಂಶೋಧನೆಯ ಹೆಸರು ಹೇಳಿಕೊಂಡು ಬರುವ 'ಕರುಳಿನ ಆರೋಗ್ಯ'ದ ಪೊಟ್ಟಣಗಳನ್ನೂ ಕೊಳ್ಳಬೇಡಿ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದವರು. ಒಟ್ಟು ಮಕ್ಕಳಲ್ಲಿ ಶೇ 8.4ರಷ್ಟು ಮಂದಿ ತೀವ್ರವಾಗಿ ಸೊರಗಿದವರು. ಅಂದರೆ ಉಳಿದ ಶೇ 11ರಷ್ಟು ಮಕ್ಕಳು ಸಾಧಾರಣ ಸ್ಥಿತಿಯಲ್ಲಿದ್ದಾರೆ. ತೀವ್ರ ಸ್ಥಿತಿಯವರಿಗೆ ಪುನಶ್ಚೇತನ ಕೇಂದ್ರ, ದಾಖಲಾತಿ, ವೈದ್ಯರು ಎಂಬ ಒಂದು ದಾರಿಯಾದರೂ ಇದೆ. ಸಾಧಾರಣ ಸ್ಥಿತಿಯವರ ಪಾಲಿಗೆ ಉಳಿದಿರುವುದು ಅಂಗನವಾಡಿಯಿಂದ ಮನೆಗೆ ಕೊಡುವ 'ಪುಷ್ಟಿ' ಎಂಬ ಪೂರಕ ಆಹಾರದ ಪೊಟ್ಟಣ ಮತ್ತು ಮುಂದಿನ ತಿಂಗಳ ತೂಕ. ನಾವು ಮಾತನಾಡುತ್ತಿರುವುದು ಈ ಮಕ್ಕಳ ಬಗ್ಗೆ.

ಆ ಆಹಾರ ಎಲ್ಲಿಂದ ಬಂತು ಎಂಬುದು ತಿಳಿದರೆ, ಪರೀಕ್ಷೆ ಯಾಕೆ ಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ಪ್ರಯೋಗಾಲಯ ದಶಕಗಳಿಂದ ಸೂಕ್ಷ್ಮಾಣುಗಳೇ ಇಲ್ಲದ ಇಲಿಗಳನ್ನು ಸಾಕುತ್ತಿದೆ. ಇವು ಹುಟ್ಟಿನಿಂದಲೇ ಮುಚ್ಚಿದ ಗೂಡಿನಲ್ಲಿ, ಸೋಸಿದ ಗಾಳಿ ಮತ್ತು ಸೂಕ್ಷ್ಮಾಣು ಅಳಿಸಿದ ಆಹಾರದ ಮೇಲೆ ಬೆಳೆಯುವ ಇಲಿಗಳು. ಇವುಗಳ ಖಾಲಿ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾಗಳನ್ನಷ್ಟೇ ಹಾಕಿ, ಅವು ಏನು ಮಾಡುತ್ತವೆ ಎಂದು ನೋಡಬಹುದು. 2006ರಲ್ಲಿ ಬೊಜ್ಜಿನ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಂಥ ಇಲಿಗಳಿಗೆ ಹಾಕಿದಾಗ, ತೆಳ್ಳನೆಯ ಇಲಿಗಳ ಬ್ಯಾಕ್ಟೀರಿಯಾ ಪಡೆದವಕ್ಕಿಂತ ಇವುಗಳ ಮೈಯಲ್ಲಿ ಹೆಚ್ಚು ಕೊಬ್ಬು ಸೇರಿತು. ಕರುಳಿನಲ್ಲಿ ವಾಸಿಸುವ ಜೀವಿಗಳು ಆಹಾರದಿಂದ ಮೈಗೆ ಎಷ್ಟು ದಕ್ಕಬೇಕು ಎಂಬುದರಲ್ಲಿ ಪಾಲುದಾರರು ಎಂಬ ಮಾತಿಗೆ ಅಲ್ಲಿ ಪುರಾವೆ ಸಿಕ್ಕಿತು.

ಬೊಜ್ಜಿನಿಂದ ಹಸಿವಿನ ಕಡೆಗೆ ಕೆಲಸ ತಿರುಗಿದ್ದು ಆಫ್ರಿಕಾದ ಮಲಾವಿಯಲ್ಲಿ. ಅಲ್ಲಿ 317 ಅವಳಿ ಜೋಡಿಗಳನ್ನು ಮೂರು ವರ್ಷ ತುಂಬುವವರೆಗೆ ಗಮನಿಸಲಾಯಿತು. ಒಂದೇ ತಾಯಿ, ಒಂದೇ ಮನೆ, ಒಂದೇ ಊಟ. ಆದರೂ ಶೇ 43ರಷ್ಟು ಜೋಡಿಗಳಲ್ಲಿ ಒಂದು ಮಗು ಅಪೌಷ್ಟಿಕತೆಗೆ ಬಿತ್ತು, ಇನ್ನೊಂದು ಬೀಳಲಿಲ್ಲ. ಮೈ ಬಾತುಕೊಳ್ಳುವ ಕ್ವಾಶಿಯೋರ್ಕರ್‌ಗೆ ತುತ್ತಾದ ಮಗುವಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಹಾಕಿ ಮಲಾವಿಯ ಊಟವನ್ನೇ ಕೊಟ್ಟಾಗ ಕೆಲವು ಜೋಡಿಗಳ ವಿಷಯದಲ್ಲಿ ಆ ಇಲಿಗಳು ಸರ್ರನೆ ತೂಕ ಕಳೆದುಕೊಂಡವು. ಕಳಪೆ ಊಟವೊಂದರಿಂದಲೇ ಅಷ್ಟಾಗಲಿಲ್ಲ, ಆ ಬ್ಯಾಕ್ಟೀರಿಯಾಗಳೊಂದರಿಂದಲೇ ಅಷ್ಟಾಗಲಿಲ್ಲ. ಎರಡೂ ಸೇರಿದಾಗ ಆಯಿತು. 2013ರ ಈ ಫಲಿತಾಂಶ ಮುಂದಿನ ಎಲ್ಲದಕ್ಕೂ ಬುನಾದಿ.

ನಂತರದ ಕೆಲಸ ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ, ಅಲ್ಲಿನ ಅತಿಸಾರ ಸಂಶೋಧನಾ ಕೇಂದ್ರದ (ಐಸಿಡಿಡಿಆರ್,ಬಿ) ತಹಮೀದ್ ಅಹ್ಮದ್ ಅವರ ತಂಡದೊಂದಿಗೆ ನಡೆಯಿತು. ಚೆನ್ನಾಗಿ ಬೆಳೆಯುತ್ತಿದ್ದ ಮಕ್ಕಳ ಮಲದ ಮಾದರಿಗಳನ್ನು ತಿಂಗಳು ತಿಂಗಳು ತೆಗೆದು ನೋಡಿದಾಗ, ಕರುಳಿನ ಬ್ಯಾಕ್ಟೀರಿಯಾಗಳಿಗೂ ಒಂದು 'ವಯಸ್ಸು' ಇರುವುದು ಕಂಡಿತು. ಎದೆಹಾಲಿನ ಕಾಲದಲ್ಲಿ ಬಿಫಿಡೊಬ್ಯಾಕ್ಟೀರಿಯಂ ಜಾತಿಗಳ ರಾಜ್ಯಭಾರ. ಮೇಲಾಹಾರ ಶುರುವಾದಂತೆ ಧಾನ್ಯ, ಬೇಳೆ, ಕಾಯಿಪಲ್ಯದ ನಾರು ಅರಗಿಸಬಲ್ಲವು ಒಂದೊಂದಾಗಿ ಬಂದು ನೆಲೆಯೂರುತ್ತವೆ. ಅಪೌಷ್ಟಿಕ ಮಗುವಿನಲ್ಲಿ ಈ ಬದಲಾವಣೆ ನಡುವೆಯೇ ನಿಂತುಬಿಟ್ಟಿರುತ್ತದೆ. ಮಗುವಿಗೆ ಹದಿನೆಂಟು ತಿಂಗಳಾದರೂ ಕರುಳಿನ ಬ್ಯಾಕ್ಟೀರಿಯಾಗಳು ಇನ್ನೂ ಎಳೆಗೂಸಿನವು. 2014ರಲ್ಲಿ ಪ್ರಕಟವಾದ ಈ ಕೆಲಸದ ಕಹಿ ಸತ್ಯ ಬೇರೆಯೇ ಇತ್ತು. ತೀವ್ರ ಅಪೌಷ್ಟಿಕತೆಗೆ ಕೊಡುವ ಸಿದ್ಧ ಚಿಕಿತ್ಸಾ ಆಹಾರವನ್ನಾಗಲಿ, ಸ್ಥಳೀಯ ಖಿಚಡಿ–ಹಲ್ವವನ್ನಾಗಲಿ ಕೊಟ್ಟಾಗ ಬ್ಯಾಕ್ಟೀರಿಯಾಗಳ ವಯಸ್ಸು ತುಸು ಮುಂದೆ ಹೋಗಿ, ಕೆಲವೇ ತಿಂಗಳಲ್ಲಿ ಮತ್ತೆ ಹಿಂದಕ್ಕೆ ಜಾರಿತು. ತೂಕ ಏರಿದ ಮಕ್ಕಳು ಮತ್ತೆ ಕುಸಿಯುವುದನ್ನು ಕಂಡಿರುವ ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಹೊಸ ಸುದ್ದಿಯೇನಲ್ಲ, ಆದರೆ ಒಂದು ಸಂಭವನೀಯ ಕಾರಣ ಸಿಕ್ಕಿತು.

ಆಮೇಲೆ ತಂಡ ಪ್ರಶ್ನೆಯನ್ನೇ ತಿರುಗಿಸಿ ಹಾಕಿತು: ನಿಂತುಹೋದ ಆ ಬ್ಯಾಕ್ಟೀರಿಯಾಗಳನ್ನು ಮುಂದಕ್ಕೆ ನಡೆಸುವ ಅಡುಗೆ ಸಾಮಾನು ಯಾವುದು? ಮೀರ್‌ಪುರದ ತಾಯಂದಿರು ಬಳಸುವ ಪದಾರ್ಥಗಳನ್ನೇ, ಅಲ್ಲಿನ ಮಕ್ಕಳಿಂದ ಪಡೆದ ಬ್ಯಾಕ್ಟೀರಿಯಾಗಳಿದ್ದ ಇಲಿಗಳಿಗೆ ತಿನ್ನಿಸಿ ಪರೀಕ್ಷಿಸಿದರು. ಹಂದಿಮರಿಗಳಲ್ಲಿ ನೋಡಿದರು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 63 ಮಕ್ಕಳಿಗೆ ಒಂದು ತಿಂಗಳು ಕೊಟ್ಟು ಮೂರು ಮಿಶ್ರಣಗಳನ್ನು ರೂಢಿಯ ಪೂರಕ ಆಹಾರದೊಂದಿಗೆ ಹೋಲಿಸಿದರು. ಆ ಮೂರರಲ್ಲಿ ಗೆದ್ದದ್ದು ಎಂಡಿಸಿಎಫ್–2 (ಕರುಳಿನ ಸೂಕ್ಷ್ಮಾಣುಗಳನ್ನು ಗುರಿಯಾಗಿಸಿದ ಪೂರಕ ಆಹಾರದ ಎರಡನೇ ಮಿಶ್ರಣ), ಅಂದರೆ ನಾವು ಮೊದಲಲ್ಲಿ ಹೇಳಿದ ಕಡಲೆ, ಶೇಂಗಾ, ಸೋಯಾ, ಬಾಳೆಕಾಯಿಗಳ ಆಹಾರ. ಅದೇ ವರ್ಷದ ಜೊತೆ ಲೇಖನದಲ್ಲಿ, ಕರುಳು ಪಕ್ವವಾಗುವುದನ್ನು ಸೂಚಿಸುವ 15 ಬ್ಯಾಕ್ಟೀರಿಯಾಗಳ ಕೂಟವೊಂದು ಬಾಂಗ್ಲಾದ ಮಕ್ಕಳಲ್ಲಷ್ಟೇ ಅಲ್ಲದೆ ಪೆರುವಿನ ಮಕ್ಕಳಲ್ಲಿ ಮತ್ತು ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರಿನ ಮಕ್ಕಳಲ್ಲಿ ಕೂಡ ಕಂಡುಬಂತು. ದಕ್ಷಿಣ ಭಾರತದ ಮಕ್ಕಳಿಗೂ ಇದು ಸಲ್ಲಬಹುದು ಎಂದು ನಮಗೆ ಅನ್ನಿಸುವುದಕ್ಕೆ ಇದೊಂದು ಕಾರಣ. ಸಲ್ಲುತ್ತದೆ ಎಂದು ಹೇಳುವುದಕ್ಕೆ ಅಷ್ಟು ಸಾಲದು.

2021ರಲ್ಲಿ ಪ್ರಕಟವಾದ ಪ್ರಯೋಗ ನಮ್ಮ ಪತ್ರದ ತಿರುಳು. 12ರಿಂದ 18 ತಿಂಗಳ, ಮ್ಯಾಮ್ ಇದ್ದ 123 ಮಕ್ಕಳನ್ನು ಎರಡು ಗುಂಪು ಮಾಡಿ, ಮೂರು ತಿಂಗಳ ಕಾಲ ದಿನಕ್ಕೆ ಎರಡು ಸಲ, ಸಲಕ್ಕೆ 25 ಗ್ರಾಂ ಆಹಾರ ಕೊಡಲಾಯಿತು. ಒಂದು ಗುಂಪಿಗೆ ಎಂಡಿಸಿಎಫ್–2, ಇನ್ನೊಂದಕ್ಕೆ ಅಕ್ಕಿ–ಬೇಳೆ–ಹಾಲಿನಪುಡಿಯ ಸಿದ್ಧ ಪೂರಕ ಆಹಾರ. ಪ್ರಯೋಗ ಪೂರೈಸಿದವರು 118 ಮಂದಿ. ಉದ್ದಕ್ಕೆ ತಕ್ಕ ತೂಕದ ಜೆಡ್ ಅಂಕ (ಮಗು ಮಾನಕ ತೂಕದಿಂದ ಎಷ್ಟು ದೂರವಿದೆ ಎಂಬುದರ ಅಳತೆ) ಮೊದಲ ಗುಂಪಿನಲ್ಲಿ ವಾರಕ್ಕೆ 0.021ರಷ್ಟು ಏರಿತು, ಎರಡನೆಯದರಲ್ಲಿ 0.010ರಷ್ಟು. ಎಂಡಿಸಿಎಫ್–2ರಲ್ಲಿ ಕ್ಯಾಲರಿ ಶೇ 15ರಿಂದ 20ರಷ್ಟು ಕಡಿಮೆ ಇತ್ತು. ಕಡಿಮೆ ಕ್ಯಾಲರಿ ತಿಂದ ಮಕ್ಕಳು ಹೆಚ್ಚು ಬೆಳೆದರು. ರಕ್ತದಲ್ಲಿ ಬೆಳವಣಿಗೆಗೆ, ಮೂಳೆಗೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಪ್ರೋಟೀನುಗಳೂ ಅದೇ ದಿಕ್ಕಿನಲ್ಲಿ ಬದಲಾದವು.

ದಿನಕ್ಕೆ 500 ಕಿಲೋ ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂಬ ಅಳತೆಗೋಲಿನ ಮೇಲೆ ನಮ್ಮ ಪೂರಕ ಪೌಷ್ಟಿಕ ಆಹಾರ ಎಷ್ಟೋ ವರ್ಷ ನಿಂತಿತ್ತು. ಆ ಅಂಕಿಗಳು ತಪ್ಪಲ್ಲ. ಹೊಟ್ಟೆ ತುಂಬದ ಮಗುವಿಗೆ ಬೇರೆ ಯಾವ ವಿಜ್ಞಾನವೂ ಬೇಡ. ಆದರೆ ಅವೇ ಎರಡು ಅಂಕಿಗಳನ್ನು ಅಕ್ಕಿಯಿಂದಲೂ ಮುಟ್ಟಬಹುದು, ಕಡಲೆಯಿಂದಲೂ ಮುಟ್ಟಬಹುದು, ಕರುಳಿನ ಪಾಲಿಗೆ ಅವೆರಡೂ ಒಂದಲ್ಲ. 2024ರಲ್ಲಿ ಪ್ರಕಟವಾದ ಮುಂದುವರಿದ ಅಧ್ಯಯನ ಇದರ ಒಳಗುಟ್ಟನ್ನು ಸಾಕಷ್ಟು ಬಿಡಿಸಿತು. ಕಡಲೆ, ಸೋಯಾ, ಶೇಂಗಾ, ಬಾಳೆಕಾಯಿಗಳ ಜೀವಕೋಶದ ಗೋಡೆಯಲ್ಲಿರುವ ಸಂಕೀರ್ಣ ಶರ್ಕರಗಳನ್ನು ನಮ್ಮ ಜೀರ್ಣರಸಗಳು ಒಡೆಯಲಾರವು. ಪ್ರಿವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲಿ ಅವನ್ನು ಒಡೆಯುವ ಕಿಣ್ವಗಳ ಜೀನುಗಳಿವೆ. ಆಹಾರದಿಂದ ಹೆಚ್ಚು ಲಾಭ ಪಡೆದ ಮಕ್ಕಳಲ್ಲಿ ಈ ತಳಿಗಳೇ ಆ ಕೆಲಸದಲ್ಲಿ ಮುಂದೆ ನಿಂತಿದ್ದವು. ಆದ್ದರಿಂದ ಯಾವ ಪದಾರ್ಥ, ಎಷ್ಟು, ಹೇಗೆ ಬೇಯಿಸಿದ್ದು ಎಂಬುದೆಲ್ಲ ಔಷಧದ ಚೀಟಿಯಷ್ಟೇ ಮುಖ್ಯವಾಗುತ್ತದೆ.

ಎಂಡಿಸಿಎಫ್–2ರ ಲೆಕ್ಕ ಹೀಗಿದೆ. ನೂರು ಗ್ರಾಂಗೆ ಕಡಲೆ ಹಿಟ್ಟು 10, ಶೇಂಗಾ 10, ಸೋಯಾ ಹಿಟ್ಟು 8, ಬಾಳೆಕಾಯಿಯ ತಿರುಳು 19, ಸಕ್ಕರೆ 29.9, ಸೋಯಾ ಎಣ್ಣೆ 20, ಜೀವಸತ್ವ–ಖನಿಜಗಳ ಮಿಶ್ರಣ 3.1 ಗ್ರಾಂ. ನೂರು ಮಕ್ಕಳ ಒಂದು ದಿನದ ಪಾಲು 5 ಕಿಲೋ ಎಂದರೆ ಕಡಲೆ ಹಿಟ್ಟು 500 ಗ್ರಾಂ, ಶೇಂಗಾ 500 ಗ್ರಾಂ, ಸೋಯಾ 400 ಗ್ರಾಂ, ಬಾಳೆ ತಿರುಳು 950 ಗ್ರಾಂ, ಸಕ್ಕರೆ 1,495 ಗ್ರಾಂ, ಎಣ್ಣೆ 1 ಕಿಲೋ, ಖನಿಜ ಮಿಶ್ರಣ 155 ಗ್ರಾಂ. ಸಿಪ್ಪೆ ಕಳೆದು 950 ಗ್ರಾಂ ತಿರುಳು ಉಳಿಯಬೇಕಾದರೆ ಒಂದೂವರೆ ಕಿಲೋ ಬಾಳೆಕಾಯಿ ತರಬೇಕು.

ಸಕ್ಕರೆ ಮತ್ತು ಎಣ್ಣೆಯೇ ಅರ್ಧ ಇರುವುದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಸೊರಗಿದ ಮಗುವಿನ ಪುಟ್ಟ ಹೊಟ್ಟೆಗೆ ಸ್ವಲ್ಪ ಪ್ರಮಾಣದಲ್ಲೇ ಶಕ್ತಿ ತುಂಬಬೇಕಾದ್ದರಿಂದ ಹಾಗೆ. ಮೂರು ತಿಂಗಳ ಮದ್ದಾಗಿ ಅದಕ್ಕೆ ಸಮರ್ಥನೆ ಇದೆ. ಅಂಗನವಾಡಿಗೆ ಬರುವ ಎಲ್ಲ ಮಕ್ಕಳಿಗೂ ದಿನಾ ಕೊಡುವ ತಿಂಡಿಯಾಗಿ ಇಲ್ಲವೇ ಇಲ್ಲ. ರಾಜ್ಯಕ್ಕೆಲ್ಲ ಹಂಚಬೇಡಿ ಎಂದದ್ದು ಇದಕ್ಕೇ.

'ನಾವು ಹೇಗೂ ಶೇಂಗಾ ಚಿಕ್ಕಿ ಕೊಡುತ್ತೇವೆ, ಬಾಳೆಹಣ್ಣು ಕೊಡುತ್ತೇವೆ, ಕಡಲೆ ಹಿಟ್ಟು ಸೇರಿಸಿದರಾಯಿತು' ಎಂಬ ಸಲಹೆ ಖಂಡಿತ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಬಾಳೆ ಹಣ್ಣಾಗುತ್ತಿದ್ದಂತೆ ಅದರ ಪಿಷ್ಟ ಸಕ್ಕರೆಯಾಗಿ ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ತಲುಪುವುದು ಕಾಯಿಯ ಅರಗದ ಪಿಷ್ಟ. ಕಾಯಿ, ದೋರೆಗಾಯಿ, ಹಣ್ಣು ಇವು ಮೂರೂ ಈ ಲೆಕ್ಕದಲ್ಲಿ ಬೇರೆ ಬೇರೆ ಪದಾರ್ಥಗಳು. ಟೆಂಡರಿನಲ್ಲಿ ಬರೀ 'ಬಾಳೆ' ಎಂದು ಬರೆದರೆ ಅಲ್ಲಿಗೆ ಪ್ರಯೋಗ ಮುಗಿಯಿತು. 'ಕಡಲೆ' ಎಂಬ ಮಾತಿನಲ್ಲೂ ಅಪಾಯವಿದೆ. ಹಳೇ ಮೈಸೂರಿನ ಕಡೆ ಕಡಲೆಬೀಜ, ಕಡಲೆಕಾಯಿ ಎಂದರೆ ಶೇಂಗಾ. ಹುರಿಗಡಲೆ, ಪುಟಾಣಿ ಎಂದರೆ ಉಬ್ಬಿಸಿ ಹುರಿದು ಸಿಪ್ಪೆ ತೆಗೆದದ್ದು. ಕಡಲೆ ಹಿಟ್ಟು ಎಂದರೆ ಹಸಿ ಕಡಲೆಬೇಳೆ ಬೀಸಿದ್ದು. ಎಲ್ಲಿ ಯಾವುದು ಎಂದು ಬಿಡಿಸಿ ಬರೆಯಬೇಕು.

ಒಂದೊಂದು ಪದಾರ್ಥದಲ್ಲೂ ಎಡವಟ್ಟಾಗುವ ಜಾಗ ಬೇರೆ. ಕಡಲೆ ಹಿಟ್ಟಿಗೆ ಅಗ್ಗದ ಬಟಾಣಿ ಹಿಟ್ಟು ಬೆರೆಸುವುದು ಹಳೆಯ ಚಾಳಿ, ಕೇಸರಿ ಬೇಳೆಯ ಹಿಟ್ಟು ಬೆರೆಸುವುದು ಅದಕ್ಕಿಂತ ಕೆಟ್ಟದ್ದು. ಬಟಾಣಿ ಬೆರೆತರೆ ಪ್ರೋಟೀನಿನ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ, ಆದರೆ ಕರುಳಿಗೆ ಹೋಗುವ ಶರ್ಕರಗಳು ಬೇರೆಯಾಗಿಬಿಡುತ್ತವೆ. ಆದ್ದರಿಂದ ಹಿಟ್ಟು ಕೊಳ್ಳುವ ಬದಲು ಇಡಿ ಕಾಳನ್ನು ಕೊಂಡು ತಯಾರಿಕಾ ಕೇಂದ್ರದಲ್ಲೇ ಬೀಸಿಸುವುದು ಲೇಸು. ಕಲಬುರಗಿ, ಗದಗ, ಧಾರವಾಡದ ಕಡೆ ಬೆಳೆದ ಕಡಲೆಯನ್ನು ನೇರವಾಗಿ ಕೊಳ್ಳಲು ಸಾಧ್ಯವಿರುವ ರಾಜ್ಯ ನಮ್ಮದು.

ಶೇಂಗಾದ ಭಯ ಅಫ್ಲಾಟಾಕ್ಸಿನ್. ಕಟಾವಿನ ಹೊತ್ತಿಗೆ ಬರ ಬಿದ್ದರೆ, ಅಥವಾ ಒಣಗುವ ಮೊದಲೇ ಚೀಲಕ್ಕೆ ತುಂಬಿದರೆ ಹಿಡಿಯುವ ಬೂಷ್ಟಿನ ವಿಷ ಅದು. ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿ ಮಾಡುತ್ತದೆ. ಬೀಜದ ತೇವಾಂಶ ಶೇ 7ಕ್ಕಿಂತ ಕೆಳಗಿರಬೇಕು. ಸುಕ್ಕಿದ, ಬಣ್ಣ ಕೆಟ್ಟ, ಒಡೆದ ಬೀಜಗಳನ್ನು ಕೈಯಿಂದ ಆರಿಸಿ ತೆಗೆದರೆ ವಿಷದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಏಕೆಂದರೆ ಅದು ಇಡೀ ಚೀಲದಲ್ಲಿ ಸಮನಾಗಿ ಹರಡಿರದೆ ಕೆಲವೇ ಬೀಜಗಳಲ್ಲಿ ತುಂಬಿಕೊಂಡಿರುತ್ತದೆ. ಇದೇ ಕಾರಣಕ್ಕೆ ಚೀಲದ ಬಾಯಿಂದ ಒಂದು ಹಿಡಿ ತೆಗೆದು ಪರೀಕ್ಷೆಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಹಲವು ಚೀಲಗಳ ಹಲವು ಕಡೆಯಿಂದ ಕೆಲವು ಕಿಲೋ ತೆಗೆದು, ಅಷ್ಟನ್ನೂ ಅರೆದು, ಅದರಿಂದ ಮಾದರಿ ತೆಗೆಯಬೇಕು.

ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಟ್ರಿಪ್ಸಿನ್ ಪ್ರತಿಬಂಧಕವಿದೆ. ಬಿಸಿ ಸಾಲದಿದ್ದರೆ ಅದು ಉಳಿಯುತ್ತದೆ, ಬಿಸಿ ಹೆಚ್ಚಾದರೆ ಲೈಸಿನ್ ಎಂಬ ಅಮೈನೋ ಆಮ್ಲ ಹಾಳಾಗುತ್ತದೆ. ಒಣ ಹುರಿಯುವಾಗ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುವುದು ಮಾಮೂಲು. ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು ಉತ್ತಮ. ಬಿಸಿ ಸಾಕಾಯಿತೇ ಎಂದು ತೋರಿಸುವ ಯೂರಿಯೇಸ್ ಪರೀಕ್ಷೆ ಅಗ್ಗದ್ದು, ಒಂದೊಂದು ಸಲ ತಯಾರಾದ ಸರಕಿಗೂ ಮಾಡಿಸಬಹುದು.

ಹೆಚ್ಚು ತಲೆನೋವು ಬಾಳೆಕಾಯಿಯದು. ಸಿಪ್ಪೆಸಮೇತ ಬೇಯಿಸಿ ಆಮೇಲೆ ಸುಲಿದರೆ ಅಂಟೂ ಒಗರೂ ಕಡಿಮೆ, ಕಪ್ಪಾಗುವುದೂ ಕಡಿಮೆ. ಆದರೆ ಎಷ್ಟು ಹೊತ್ತು ಬೇಯಿಸಿದಿರಿ, ಎಷ್ಟು ಹೊತ್ತು ಆರಲು ಬಿಟ್ಟಿರಿ ಎಂಬುದರ ಮೇಲೆ ಅರಗದ ಪಿಷ್ಟದ ಪ್ರಮಾಣ ಏರಿಳಿಯುತ್ತದೆ. ಹಾಗಾಗಿ ಹೊತ್ತು, ನೀರು, ಕಾಯಿಯ ಜಾತಿ ಮೂರನ್ನೂ ಗೊತ್ತುಮಾಡಿ ಬದಲಿಸದೆ ನಡೆಸಬೇಕು. ಇನ್ನು ತಿರುಳಿನಲ್ಲಿ ಮುಕ್ಕಾಲು ಪಾಲು ನೀರು. ನೂರು ಗ್ರಾಂ ಮಿಶ್ರಣದಲ್ಲಿ ಬಾಳೆಕಾಯಿಯಿಂದಲೇ 13–14 ಗ್ರಾಂ ನೀರು ಸೇರುತ್ತದೆ. ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಉಳಿಯುವ ಚಿಕಿತ್ಸಾ ಆಹಾರದಲ್ಲಿ ನೀರಿನಂಶ ಶೇ 2.5ನ್ನು ಮೀರುವಂತಿಲ್ಲ. ಅಂದರೆ ಇದನ್ನು ಅದೇ ದಿನ ಮಾಡಿ ಅದೇ ದಿನ ತಿನ್ನಿಸಬೇಕು, ಇಲ್ಲವೇ ಬಾಳೆಕಾಯಿಯನ್ನು ಒಣಗಿಸಿ ಹಿಟ್ಟು ಮಾಡಬೇಕು. ಹಿಟ್ಟು ಮಾಡಿದರೆ 19 ಗ್ರಾಂ ತಿರುಳಿನ ಬದಲು ಐದೂವರೆ ಗ್ರಾಂ ಸಾಕಾಗುತ್ತದೆ, ಉಳಿದ ಪದಾರ್ಥಗಳ ಶೇಕಡಾವಾರು ಲೆಕ್ಕ ಬದಲಾಗುತ್ತದೆ, ಆ ಹಿಟ್ಟೂ ಹಸಿ ತಿರುಳಿನಷ್ಟೇ ಕೆಲಸ ಮಾಡುತ್ತದೆಯೇ ಎಂದು ಬೇರೆಯಾಗಿ ನೋಡಬೇಕಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಪರೀಕ್ಷೆ ಹಸಿ ತಿರುಳಿನದೇ ಆಗಲಿ.

ಖನಿಜ ಮಿಶ್ರಣ 5 ಕಿಲೋದಲ್ಲಿ ಬರೀ 155 ಗ್ರಾಂ. ಒಂದೇ ಸಲ ಸುರಿದು ಕಲಸಿದರೆ ಒಂದು ಮಗುವಿಗೆ ಕಬ್ಬಿಣ ಹೆಚ್ಚಾಗಿ ಇನ್ನೊಂದಕ್ಕೆ ಸಿಗುವುದೇ ಇಲ್ಲ. ಮೊದಲು ಅಷ್ಟೇ ತೂಕದ ಪುಡಿ ಸಕ್ಕರೆಯೊಂದಿಗೆ ಬೆರೆಸಿ, ಅದನ್ನು ಅದರ ಎರಡರಷ್ಟಕ್ಕೆ, ಆಮೇಲೆ ನಾಲ್ಕರಷ್ಟಕ್ಕೆ ಹೀಗೆ ಹಿಗ್ಗಿಸುತ್ತ ಹೋಗಬೇಕು. ಮಿಶ್ರಣ ಆರಿದ ಮೇಲೆ ಹಾಕಬೇಕು, ಬಿಸಿಯಲ್ಲಿ ಜೀವಸತ್ವಗಳು ನಿಲ್ಲುವುದಿಲ್ಲ. ಶೇಂಗಾ ಅರೆಯುವ ಕೋಣೆಯನ್ನು ನೀರು ಹೊಯ್ದು ತೊಳೆಯಬಾರದು ಎಂಬುದೂ ಅನೇಕರಿಗೆ ವಿಚಿತ್ರವೆನಿಸುತ್ತದೆ. ಒಣ ಕೋಣೆಯಲ್ಲಿ ಸುಮ್ಮನಿರುವ ಸಾಲ್ಮೊನೆಲ್ಲಾ, ನೆಲ ಒದ್ದೆಯಾದೊಡನೆ ಬೆಳೆಯತೊಡಗುತ್ತದೆ. ಗುಡಿಸಿ, ಒಣ ಬಟ್ಟೆಯಲ್ಲಿ ಒರೆಸುವುದೇ ಸರಿ.

ಇದನ್ನೆಲ್ಲ ಮಾಡುವ ಶಕ್ತಿ ರಾಜ್ಯಕ್ಕಿದೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರ ದಶಕದಲ್ಲೇ ಶೇಂಗಾ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಸೇರಿಸಿ 'ಇಂಡಿಯನ್ ಮಲ್ಟಿಪರ್ಪಸ್ ಫುಡ್' ಮಾಡಿದ ಸಂಸ್ಥೆ. ಆಗ ನೋಡಿದ್ದು ಪ್ರೋಟೀನನ್ನು. ಅದೇ ಎರಡು ಕಾಳುಗಳು ಈಗ ಬೇರೆ ಕಾರಣಕ್ಕೆ ಮತ್ತೆ ಮುಂದೆ ಬಂದಿವೆ. ತಾಲ್ಲೂಕುಗಳಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಮತ್ತು ತರಬೇತಿ ಕೇಂದ್ರಗಳಿವೆ. ಸಂಸ್ಥೆ ವಿಧಾನವನ್ನು ಗೊತ್ತುಮಾಡಿ ಕಲಿಸಲಿ, ಕೇಂದ್ರದ ಹೆಣ್ಣುಮಕ್ಕಳು ಮಾಡಲಿ.

ಇನ್ನು ಪರೀಕ್ಷೆಯ ಕ್ರಮ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಅಳತೆಯಲ್ಲಿ. ಢಾಕಾದಲ್ಲಿ ಎರಡು ಗುಂಪುಗಳ ಅಂತರ ವಾರಕ್ಕೆ 0.011, ಹನ್ನೆರಡು ವಾರಕ್ಕೆ ಲೆಕ್ಕ ಹಾಕಿದರೆ 0.13 ಜೆಡ್ ಅಂಕ. 72 ಸೆಂಟಿಮೀಟರ್ ಉದ್ದದ ಮಗುವಿನಲ್ಲಿ ಇದು ನೂರು ಗ್ರಾಂಗಿಂತ ತುಸು ಕಡಿಮೆ ತೂಕ. ನೂರು ಗ್ರಾಂ ನೂರು ಗ್ರಾಂ ಹಾರುವ ತಕ್ಕಡಿಯಲ್ಲಿ, ಅಂಗಿ ಚಡ್ಡಿ ತೊಟ್ಟ ಮಗುವನ್ನು ತೂಗಿದರೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. 10 ಗ್ರಾಂವರೆಗೆ ತೋರಿಸುವ ತಕ್ಕಡಿ, ಬಟ್ಟೆ ತೆಗೆದ ಮಗು, ದಿನದ ಒಂದೇ ಹೊತ್ತು, ಪ್ರತಿ ಬೆಳಗ್ಗೆ ಗೊತ್ತಿರುವ ತೂಕದ ಕಲ್ಲಿಟ್ಟು ತಾಳೆ ನೋಡುವುದು, ಇಷ್ಟೂ ಬೇಕು. ಉದ್ದದಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಇರಬೇಕಾದ ತೂಕ ಸುಮಾರು 200 ಗ್ರಾಂ ಬದಲಾಗುತ್ತದೆ. ಅಂದರೆ ತಪ್ಪು, ನಾವು ಹುಡುಕುತ್ತಿರುವ ಫಲಕ್ಕಿಂತ ಎರಡು ಪಟ್ಟು ದೊಡ್ಡದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದಕ್ಕೆ ಹಲಗೆ ತರಬೇಕು. ನಿಲ್ಲಿಸಿ ಅಳೆದರೆ 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಒಬ್ಬಳೇ ಕಾರ್ಯಕರ್ತೆ ಅಳುವ ಮಗುವನ್ನು ಹಿಡಿದುಕೊಂಡು ಇದನ್ನು ಸರಿಯಾಗಿ ಮಾಡಲಾರಳು, ಅದು ಅವಳ ತಪ್ಪಲ್ಲ. ಪರೀಕ್ಷೆಗೆ ಇಬ್ಬರು ತರಬೇತಾದ ಅಳತೆಗಾರರನ್ನು ಪ್ರತ್ಯೇಕವಾಗಿ ನೇಮಿಸಬೇಕು, ಯಾವ ಮಗು ಯಾವ ಗುಂಪಿನದು ಎಂಬುದು ಅವರಿಗೆ ಗೊತ್ತಿರಬಾರದು.

ಎಷ್ಟು ಮಕ್ಕಳು? ಮೂರು ತಿಂಗಳ ಬದಲಾವಣೆ ಮಗುವಿನಿಂದ ಮಗುವಿಗೆ 0.5 ಜೆಡ್ ಅಂಕದಷ್ಟು ಏರುಪೇರಾಗುತ್ತದೆ ಎಂದು ಹಿಡಿದರೆ, 0.13ರ ಅಂತರವನ್ನು ಶೇ 80ರ ಭರವಸೆಯಲ್ಲಿ ಹಿಡಿಯಲು ಗುಂಪಿಗೆ ಸುಮಾರು 235 ಮಕ್ಕಳು ಬೇಕು. ನಡುವೆ ಬಿಟ್ಟುಹೋಗುವವರನ್ನು ಸೇರಿಸಿ 280 ಎನ್ನಿ. ಮಗುವಿನ ಬದಲು ಅಂಗನವಾಡಿಯನ್ನೇ ಚೀಟಿ ಎತ್ತಿ ಹಂಚಿದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಐವತ್ತು ಮಕ್ಕಳ 'ಪ್ರಾಯೋಗಿಕ ಯೋಜನೆ' ಮಾಡಿ, ಫೋಟೊ ತೆಗೆದು, ಯಶಸ್ವಿ ಎಂದು ಘೋಷಿಸುವುದಾದರೆ ಮಾಡದಿರುವುದೇ ಮೇಲು. ಹೋಲಿಕೆಯ ಗುಂಪಿಗೆ ಈಗ ಸಿಗುತ್ತಿರುವ ಪುಷ್ಟಿಯನ್ನೇ, ಅಷ್ಟೇ ಕ್ಯಾಲರಿಯ ಲೆಕ್ಕದಲ್ಲಿ, ಅಷ್ಟೇ ಮೇಲ್ವಿಚಾರಣೆಯಲ್ಲಿ ಕೊಡಬೇಕು. ಯಾವ ಮಗುವಿಗೂ ಈಗ ಸಿಗುತ್ತಿರುವುದು ಕಡಿಮೆಯಾಗಬಾರದು, ಎದೆಹಾಲು ನಿಲ್ಲಬಾರದು. ಪರೀಕ್ಷೆಯ ನಡುವೆ ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕೆಳಗಿಳಿದ ಅಥವಾ ಪಾದ ಬಾತುಕೊಂಡ ಮಗುವನ್ನು ಅಂದೇ ವೈದ್ಯರಿಗೆ ಒಪ್ಪಿಸಬೇಕು. ಶೇಂಗಾ ಮೊದಲ ಸಲ ತಿನ್ನುವ ಮಗುವಿಗೆ ಚಿಟಿಕೆಯಷ್ಟು ಕೊಟ್ಟು ಕಾದು ನೋಡಬೇಕು. ನೀತಿ ಸಮಿತಿಯ ಒಪ್ಪಿಗೆ, ದೇಶದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿ, ಕನ್ನಡದಲ್ಲಿ ಓದಿ ಹೇಳಿ ಪಡೆದ ತಾಯಿಯ ಒಪ್ಪಿಗೆ ಇಲ್ಲದೆ ಒಂದು ಚಮಚವೂ ಹೋಗಕೂಡದು.

ಮನೆಗೆ ಕೊಟ್ಟ ಪೊಟ್ಟಣ ಮನೆಯ ಮಕ್ಕಳೆಲ್ಲರ ಪಾಲಾಗುತ್ತದೆ. ಮೂರು ಮಕ್ಕಳ ಮನೆಯಲ್ಲಿ ತಾಯಿ ಒಂದಕ್ಕೇ ತಿನ್ನಿಸಿ ಇನ್ನೆರಡರ ಮುಖ ನೋಡುವುದು ಹೇಗೆ? ಆದ್ದರಿಂದ ಕನಿಷ್ಠ ಮೊದಲ ತಿಂಗಳು ಎರಡು ಹೊತ್ತೂ ಅಂಗನವಾಡಿಯಲ್ಲೇ ತಿನ್ನಿಸುವ ವ್ಯವಸ್ಥೆಯಾಗಲಿ. ಉಳಿದದ್ದನ್ನು ತೂಗಿ ಬರೆಯಿರಿ. ಕೂಲಿಗೆ ಹೋಗುವ ತಾಯಂದಿರಿಗೆ ಬೆಳಗ್ಗೆ ಎಂಟರೊಳಗೆ ಮತ್ತು ಸಂಜೆ ಐದರ ನಂತರದ ಹೊತ್ತು ಬೇಕು, ಆ ಹೆಚ್ಚುವರಿ ಹೊತ್ತಿಗೆ ಕಾರ್ಯಕರ್ತೆಗೂ ಸಹಾಯಕಿಗೂ ಸಂಭಾವನೆ ಕೊಡಬೇಕು. ಈಗಾಗಲೇ ಅವರ ಹೆಗಲ ಮೇಲಿರುವ ಹೊರೆಗೆ ಇದನ್ನೂ ಬಿಟ್ಟಿಯಾಗಿ ಸೇರಿಸುವುದನ್ನು ನಾವು ಒಪ್ಪುವುದಿಲ್ಲ.

ಮಲದ ಮಾದರಿ ಎಲ್ಲ ಮಕ್ಕಳದೂ ಬೇಡ. ಗುಂಪಿಗೆ ಅರವತ್ತರಂತೆ ಸಾಕು, ಶುರುವಿನಲ್ಲಿ, ಮೂರನೇ ತಿಂಗಳಲ್ಲಿ, ಆಹಾರ ನಿಲ್ಲಿಸಿದ ಮೂರು ತಿಂಗಳ ನಂತರ. ಮಾದರಿ ಹೊರಗಿನ ಶಾಖದಲ್ಲಿ ಉಳಿದಷ್ಟು ಹೊತ್ತೂ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುತ್ತಲೇ ಇರುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ಬಿಟ್ಟ ಡಬ್ಬಿ, ಮಗುವಿನ ಕರುಳಿನ ಬದಲು ಡಬ್ಬಿಯ ಕಥೆ ಹೇಳುತ್ತದೆ. ಕೂಡಲೇ ದ್ರವ ಸಾರಜನಕದ ಪಾತ್ರೆಗೆ ಹಾಕಿ, ಮೈನಸ್ 80 ಡಿಗ್ರಿಯ ಪೆಟ್ಟಿಗೆಗೆ ಸಾಗಿಸಬೇಕು. ಡಿಎನ್ಎ ತೆಗೆಯುವಾಗ ಸಣ್ಣ ಮಣಿಗಳ ಜೊತೆ ಕುಲುಕಿ ಒಡೆಯುವ ಹಂತವನ್ನು ಬಿಟ್ಟರೆ ಗಟ್ಟಿ ಗೋಡೆಯ ಬಿಫಿಡೊಬ್ಯಾಕ್ಟೀರಿಯಂನಂಥವು ಲೆಕ್ಕಕ್ಕೇ ಸಿಗುವುದಿಲ್ಲ. ಹಿಂದಿನ ವಾರಗಳಲ್ಲಿ ಮಗುವಿಗೆ ಯಾವ ಆ್ಯಂಟಿಬಯಾಟಿಕ್ ಕೊಟ್ಟರು ಎಂಬುದನ್ನು ತಾಯಿಯನ್ನು ಕೇಳಿ, ಔಷಧದ ಪಟ್ಟಿಯನ್ನೇ ನೋಡಿ ಬರೆಯಬೇಕು; ಇದೊಂದು ಸಾಲು ತಪ್ಪಿದರೂ ಉಳಿದದ್ದನ್ನು ಅರ್ಥಮಾಡಲಾಗದು.

ಮೊದಲಲ್ಲಿ ಹೇಳಿದ 'ಕರುಳಿನ ಆರೋಗ್ಯ'ದ, ಅಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೋಬಯಾಟಿಕ್ ಪೊಟ್ಟಣಗಳ ಬಗ್ಗೆ ಎರಡು ಮಾತು. ಅವೆಲ್ಲ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಅದಕ್ಕೆ ಬೇಕಾದ ಶರ್ಕರದೊಂದಿಗೆ ಕೊಟ್ಟಾಗ ನಂಜು ಮತ್ತು ಸಾವಿನ ಒಟ್ಟು ಪ್ರಮಾಣ ಶೇ 9ರಿಂದ 5.4ಕ್ಕೆ ಇಳಿಯಿತು. ಅಲ್ಲಿ ತಳಿ, ಪ್ರಮಾಣ, ವಯಸ್ಸು, ದಿನಗಳು ಎಲ್ಲ ಖಚಿತವಾಗಿದ್ದವು. 2022ರಲ್ಲಿ ಗಾರ್ಡನ್ ಮತ್ತು ಢಾಕಾದ ತಂಡ ತೀವ್ರ ಅಪೌಷ್ಟಿಕತೆಯ ಎಳೆಗೂಸುಗಳಿಗಾಗಿ ಬಿಫಿಡೊಬ್ಯಾಕ್ಟೀರಿಯಂ ಇನ್ಫಾಂಟಿಸ್ ಮೇಲೆ ಕೆಲಸ ಮಾಡಿದಾಗ, ಎದೆಹಾಲು ಕಡಿಮೆ ಇರುವ ಊಟದಲ್ಲಿ ಮಾರುಕಟ್ಟೆಯ ತಳಿಗಿಂತ ಬಾಂಗ್ಲಾದ ಕೂಸಿನಿಂದಲೇ ತೆಗೆದ ತಳಿ ಇಲಿಗಳಲ್ಲಿ ಚೆನ್ನಾಗಿ ನೆಲೆಯೂರಿತು, ಏಕೆಂದರೆ ಅದಕ್ಕೆ ಸಸ್ಯಮೂಲದ ಶರ್ಕರಗಳನ್ನೂ ಬಳಸುವ ಜೀನುಗಳಿದ್ದವು. ಒಂದೇ ಜಾತಿಯೊಳಗೇ ಇಷ್ಟು ಅಂತರವಿರುವಾಗ, ತಳಿಯ ಹೆಸರೇ ಇಲ್ಲದ ಪೊಟ್ಟಣಕ್ಕೆ ಸರ್ಕಾರದ ಹಣ ಹೋಗಬಾರದು. ಮಾರಲು ಬಂದವರನ್ನು ಮೂರು ಪ್ರಶ್ನೆ ಕೇಳಿ: ಯಾವ ತಳಿ? ಯಾವ ವಯಸ್ಸಿನ, ಯಾವ ಸ್ಥಿತಿಯ ಮಕ್ಕಳ ಮೇಲೆ ಪರೀಕ್ಷೆಯಾಗಿದೆ? ನಲವತ್ತು ಡಿಗ್ರಿಯ ಗೋದಾಮಿನಲ್ಲಿ ಎರಡು ತಿಂಗಳು ಇಟ್ಟ ಮೇಲೆ ಎಷ್ಟು ಬದುಕಿರುತ್ತವೆ?

ಪರೀಕ್ಷೆಗೆ ಹಣ, ಸಮಿತಿ, ಒಪ್ಪಿಗೆಗಳು ಬೇಕು. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅದಕ್ಕೂ ಮೊದಲು, ಒಂದು ಸುತ್ತೋಲೆಯಿಂದ ಆಗುವ ಕೆಲಸವಿದೆ. ಪ್ರತಿ ತಯಾರಿಕಾ ಕೇಂದ್ರದ ಪುಷ್ಟಿಯಲ್ಲಿ ಯಾವ ಧಾನ್ಯ, ಯಾವ ಬೇಳೆ, ಎಷ್ಟು ಶೇಕಡಾ ಇದೆ, ಹುರಿದದ್ದೋ ಬೇಯಿಸಿದ್ದೋ, ಯಾವ ತಿಂಗಳು ತಯಾರಾದದ್ದು ಎಂಬುದನ್ನು ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲಿ ಪ್ರಕಟಿಸಿ, ಪೊಟ್ಟಣದ ಮೇಲೂ ಮುದ್ರಿಸಿ. ಹೋಲಿಕೆಯ ಗುಂಪಿಗೆ ಏನು ಕೊಡಲಿದ್ದೇವೆ ಎಂಬುದು ಆಗ ನಮಗೂ ನಿಮಗೂ ಗೊತ್ತಾಗುತ್ತದೆ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳ ಯಾವುದಾದರೂ ಎರಡು ತಾಲ್ಲೂಕುಗಳನ್ನು ಹೆಸರಿಸಿ, ಅಲ್ಲಿನ 12ರಿಂದ 18 ತಿಂಗಳ ಮ್ಯಾಮ್ ಮಕ್ಕಳ ನಿಜವಾದ ಸಂಖ್ಯೆಯನ್ನು ಸರಿಯಾದ ತಕ್ಕಡಿ ಮತ್ತು ಅಳತೆ ಹಲಗೆಯಲ್ಲಿ ಮತ್ತೊಮ್ಮೆ ಅಳೆಸಿ. ಪರೀಕ್ಷೆಯ ಪೂರ್ಣ ಕರಡು, ಅಡುಗೆಯ ವಿಧಾನ ಮತ್ತು ಅಳತೆಗಾರರ ತರಬೇತಿಯ ಪಾಠಗಳನ್ನು ಬರೆದುಕೊಡಲು ನಾವು ಸಂಭಾವನೆಯಿಲ್ಲದೆ ಸಿದ್ಧರಿದ್ದೇವೆ.

ಇಂತಿ,
ಮಕ್ಕಳ ಪೋಷಣೆ, ಆಹಾರ ತಂತ್ರಜ್ಞಾನ ಮತ್ತು ಸೂಕ್ಷ್ಮಾಣು ವಿಜ್ಞಾನದಲ್ಲಿ ಕೆಲಸ ಮಾಡುವ ಕನ್ನಡಿಗರ ಒಂದು ಬಳಗ